ಹಸಿರು ಸೊನ್ನೆ

ಬೆಳಿಗ್ಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನನ್ನ ತಮ್ಮಂಗೆ ಮೂರ್ಛೆ ರೋಗ ಇತ್ತಂತೆ ಮೇಡಂ. ಐಸ್ ಫ್ಯಾಕ್ಟರಿಯವ್ರು ಹಾಗಂತಾರೆ. ಎತ್ತಿ ಆಡ್ಸಿದೋಳು ನಾನು. ನಂಗೇ ಗೊತ್ತಿಲ್ದೇ ಇರೋ ರೋಗ ಅವ್ರಿಗೆ ಹೇಗೆ ಗೊತ್ತಾಯ್ತು?"

ಅಲ್ಲಿ ಲೋಡರ್ ಆಗಿದ್ದ ತಮ್ಮ ಈಗ ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರದ ಮೇಲಿದ್ದ. ಶ್ವಾಸಕೋಶ ಅನಿಲದಿಂದ ಸುಟ್ಟಿದೆ ಎಂದಿತ್ತು ವೈದ್ಯರ ವರದಿ. ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ದಫೇದಾರರನ್ನೂ ಇಬ್ಬರು ಪಂಚರನ್ನೂ ಕರೆದುಕೊಂಡು ಸ್ಥಳ ಪಂಚನಾಮೆಗೆ ಹೊರಟರು.

ಶೀತಲ ಕೋಣೆಯ ತುಂಬ ಹಿಮ ಕಟ್ಟಿದ ಅಮೋನಿಯಾ ಕೊಳವೆಗಳು. ಬಾಗಿಲ ಪಕ್ಕದ ಪರದೆಯಲ್ಲಿ ಹಸಿರು ಅಂಕಿ ಬೆಳಗುತ್ತಿತ್ತು. ಮ್ಯಾನೇಜರ್ ಅದನ್ನು ಬೆರಳಿನಿಂದ ತಟ್ಟಿದ.

"ನೋಡಿ ಮೇಡಂ, ಸೋರಿಕೆ ಸೊನ್ನೆ. ಅವತ್ತೂ ಸೊನ್ನೇನೇ ಇತ್ತು. ಕಣ್ಮುಚ್ಕೊಂಡು ಒಳಗೆ ಹೋಗಿ."

ಆ ಪರದೆಗೆ ಪ್ರೋಗ್ರಾಂ ಬರೆದವನು ಹೊಸ್ತಿಲ ಆಚೆಯೇ ನಿಂತ. ಅಷ್ಟು ಚಳಿಯಲ್ಲೂ ಅವನ ಹಣೆ ಬೆವರಿತ್ತು.

ಲೋಡರ್ ಬಿದ್ದಿದ್ದ ಜಾಗವನ್ನು ಅಳೆಯುತ್ತಿದ್ದಾಗ ಗೋಡೆಯ ಹಿಂದೆ ಕಂಪ್ರೆಸರ್ ಗುಡುಗಿತು.

"ಹೊರಗ್ ಬನ್ನಿ! ಎಲ್ರೂ ಹೊರಗ್ ಬನ್ನಿ!" ಪ್ರೋಗ್ರಾಮರ್ ಕಿರುಚಿದ.

"ಹಗ್ಗ ಕಂಡ್ರೂ ಹಾವು ಅನ್ನೋ ಆಸಾಮಿ," ಎಂದು ಮ್ಯಾನೇಜರ್ ನಕ್ಕ. ನಗು ಮುಗಿಯುವ ಮೊದಲೇ ಮೇಲಿನ ಕೊಳವೆಯ ಬೆಸುಗೆ ಬುಸುಗುಟ್ಟಿ ಬಿಳಿ ಹೊಗೆ ಕಾರಿತು.

ಇನ್ಸ್‌ಪೆಕ್ಟರ್ ಕಣ್ಣಿಗೆ ಸೂಜಿ ಚುಚ್ಚಿದಂತಾಯಿತು. ಉಸಿರೆಳೆದರೆ ಗಂಟಲಲ್ಲಿ ಬೆಂಕಿ. ಬಾಗಿಲು ಯಾವ ಕಡೆಗಿದೆ ಎಂಬುದೇ ಮರೆತುಹೋಯಿತು. ಗೋಡೆ ತಡವಿದ ಕೈಗೆ ಬರೀ ಹಿಮ ಸಿಕ್ಕಿತು. ಇಲ್ಲೇ ಸಾಯುತ್ತೇನೆ ಅನ್ನಿಸಿದಾಗ ದಫೇದಾರರು ಅವರ ಬೆಲ್ಟು ಹಿಡಿದು ಹೊರಗೆಳೆದರು.

ಎಲ್ಲರೂ ಬದುಕಿ ಹೊರಬಂದಿದ್ದರು. ಕೆಮ್ಮುತ್ತ ತಲೆ ಎತ್ತಿದರೆ ಪರದೆಯಲ್ಲಿ ಅದೇ ಸೊನ್ನೆ, ಅದೇ ಹಸಿರು. ಸೈರನ್ ಸೊಲ್ಲೆತ್ತಿರಲಿಲ್ಲ.

ಮಧ್ಯಾಹ್ನ ಪ್ರೋಗ್ರಾಮರ್‌ನ ವಿಚಾರಣೆ.

"ಹೊಗೆ ಬರೋಕ್ ಮುಂಚೇನೇ ಕೂಗಿದ್ರಿ. ಹೇಗೆ ಗೊತ್ತಾಯ್ತು?"

"ಕಂಪ್ರೆಸರ್ ಶುರುವಾಯ್ತಲ್ಲ ಮೇಡಂ, ಕೊಳವೇಲಿ ಒತ್ತಡ ಏರುತ್ತೆ. ಅವತ್ತೂ ಅದು ಶುರುವಾದ್ಮೇಲೇ ಆ ಲೋಡರ್ ಬಿದ್ದಿದ್ದು."

"ಪರದೆ ಸೊನ್ನೆ ಅಂತಿತ್ತು."

"ಅದು ಸುಳ್ಳು ಸೊನ್ನೆ."

ಸೆನ್ಸರ್‌ಗಳು ಕೊಡುವ ಅಂಕಿಗಳನ್ನು ಕೂಡಿಸಿ, ಕೆಲಸ ಮಾಡುತ್ತಿರುವ ಸೆನ್ಸರ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ. ಹಿಮ ಹೊಕ್ಕು ಎಲ್ಲವೂ ಕೆಟ್ಟಿದ್ದವು. ಸೊನ್ನೆಯಿಂದ ಭಾಗಿಸಿದರೆ ಉತ್ತರವೇ ಇಲ್ಲ. ಮೊದಲು ಪ್ರೋಗ್ರಾಂ ಅಲ್ಲಿಗೇ ನಿಂತು ಸೈರನ್ ಕೂಗಿಸುತ್ತಿತ್ತು.

"ಈಗ?"

"ಹಾಗಾದಾಗ ಉತ್ತರ ಸೊನ್ನೆ ಅಂತ ತೋರಿಸೋ ಹಾಗೆ ಒಂದು ಸಾಲು ಸೇರಿಸ್ದೆ."

"ಯಾರು ಹೇಳಿದ್ದು?"

"ಹೊಸ ಸೆನ್ಸರ್ ತರ್ಸಲ್ಲ, ಸೈರನ್ ಬಾಯಿ ಮುಚ್ಚಿಸು ಅಂದ್ರು ಮ್ಯಾನೇಜರು. ಸಾಲು ಬರ್ದಿದ್ದು ನಾನೇ."

ಸಂಜೆ ಇಬ್ಬರನ್ನೂ ಬಂಧಿಸಲಾಯಿತು. ಬಂಧನ ಪತ್ರಕ್ಕೆ ಸಹಿ ಹಾಕಲು ಪೆನ್ನು ಹಿಡಿದ ಪ್ರೋಗ್ರಾಮರ್ ಯಾರೂ ಕೇಳದಿದ್ದರೂ ಹೇಳಿದ: ಹಿಂದೊಮ್ಮೆ ಸೋರಿಕೆ ಇಲ್ಲದೆಯೇ ಸೈರನ್ ಕೂಗಿತ್ತು. ನೂಕುನುಗ್ಗಲಿನಲ್ಲಿ ಕಸ ಗುಡಿಸುವಾಕೆ ಮೆಟ್ಟಿಲಿನಿಂದ ಉರುಳಿ ಸೊಂಟ ಮುರಿದುಕೊಂಡಳು. ಎಲ್ಲರೂ ಅವನತ್ತಲೇ ಬೆರಳು ತೋರಿಸಿದರು. ಅಂದಿನಿಂದ ಆ ಸದ್ದು ಕೇಳಿದರೆ ಅವನ ಕೈಕಾಲು ತಣ್ಣಗಾಗುತ್ತಿದ್ದವು.

"ಗೊತ್ತಿಲ್ಲ ಅಂತ ತೋರ್ಸಿದ್ರೆ ಎಲ್ರೂ ಹೆದರ್ತಾರೆ ಮೇಡಂ. ಸೊನ್ನೆ ಅಂದ್ರೆ ಯಾರೂ ಹೆದರಲ್ಲ." ಮತ್ತೆ ಕೇಳಿದ, "ಆ ಲೋಡರ್ ಹೇಗಿದಾನೆ?"

"ಈಗಷ್ಟೇ ಕಣ್ಣು ಬಿಟ್ನಂತೆ. ಮಾತು ಇನ್ನೂ ಬಂದಿಲ್ಲ."

ಅವನು ಪೆನ್ನು ಕೆಳಗಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಇನ್ಸ್‌ಪೆಕ್ಟರ್ ಅವಸರ ಮಾಡಲಿಲ್ಲ.