ಎದುರು ಬೆಳಕು

ಜನವರಿಯ ಮೂರನೇ ಸೋಮವಾರ, ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ ಇರುವಾಗ ಮುನೇಶ ಠಾಣೆಗೆ ಬಂದ. ಬೈರಾಪಟ್ಟಣದ ಕಡೆಯ ಇಪ್ಪತ್ತಾರರ ಯುವಕ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಪಿಎಸ್‌ಐ ಸುಚಿತ್ರಾ ಆಗತಾನೆ ಕುರ್ಚಿ ಎಳೆದು ಕೂತಿದ್ದಳು.

"ನಮ್ಮಪ್ಪನ್ನ ಯಾವ್ನೋ ಗಾಡೀಲಿ ಗುದ್ಬುಟ್ಟು ಹೋಗವ್ನೆ ಮೇಡಂ. ರೋಡ್ ಮಗ್ಗುಲಲ್ಲಿ ಹೆಣ ಬಿದ್ದೈತೆ."

"ಯಾವಾಗ ಆಗಿದ್ದು?"

"ನಿನ್ನೆ ಸಾಯಂಕಾಲ್ವೇ ಇರ್ಬೇಕು. ಡೇರಿಗೆ ಹಾಲು ಹಾಕಕ್ಕೆ ಹೋಗೋರು ಈಗ ನೋಡಿ ಹೇಳುದ್ರು."

"ರಾತ್ರಿಯೆಲ್ಲ ಮನೆಗೆ ಬಂದಿಲ್ಲ. ನೀವು ಹುಡುಕಲಿಲ್ವಾ?"

ಹೆಡ್ ಕಾನ್‌ಸ್ಟೆಬಲ್ ಕೆಂಪಯ್ಯ ಒಂದು ಲೋಟ ನೀರು ಕೊಟ್ಟ ಮೇಲೆ ವಿಷಯ ತುಂಡು ತುಂಡಾಗಿ ಹೊರಬಂತು. ಇವರದು ಕುರಿ ಸಾಕುವ ಮನೆ. ಗೊಬ್ಬರಕ್ಕೆಂದು ಬೇರೆಯವರ ಹೊಲದಲ್ಲಿ ರಾತ್ರಿ ಕುರಿ ಮಂದೆ ಹಾಕುತ್ತಾರೆ. ಹಗಲೆಲ್ಲ ಕುರಿ ಮೇಯಿಸಿದ ಅಪ್ಪ ಚನ್ನಯ್ಯ ಸಂಜೆ ಮಂದೆಯ ಹತ್ತಿರ ಕಾಯುತ್ತಾನೆ. ಮಗ ಬೈಕಿನಲ್ಲಿ ಊಟ ತಂದು ರಾತ್ರಿ ಕಾವಲಿಗೆ ಉಳಿದರೆ ಅಪ್ಪ ಮನೆಗೆ ನಡೆದು ಬರುತ್ತಾನೆ. ಭಾನುವಾರ ಮಗ ಹೊರಟಿದ್ದು ಸ್ವಲ್ಪ ತಡವಾಯಿತು. ಹೋಗಿ ನೋಡಿದರೆ ಕುರಿ ಬಲೆಯ ಬೇಲಿಯೊಳಗೆ ಇವೆ, ಅಪ್ಪ ಇಲ್ಲ.

"ರೋಡಲ್ಲಿ ನಂಗೆ ಸಿಗ್ಲಿಲ್ಲ ಮೇಡಂ. ಅದುಕ್ಕೆ ಕೆರೆ ಏರಿ ಮ್ಯಾಲೆ ಅಡ್ಡದಾರೀಲಿ ಹೊಂಟೋಗವ್ನೆ ಅಂದ್ಕಂಡೆ. ಅವ್ವ ಅಲ್ಲಿ, ಅಪ್ಪನೂ ಮಗನೂ ಮಂದೆತಾವೇ ಮಲಗವ್ರೆ ಅಂದ್ಕಂಡ್ಳು."

ಹೀಗೆ ಇಬ್ಬರೂ ನೆಮ್ಮದಿಯಾಗಿ ಮಲಗಿದ್ದರು. ಮುನೇಶ ದೂರಿಗೆ ಸಹಿ ಹಾಕಿ ಪೆನ್ನು ಕೆಳಗಿಡದೆ ಹೇಳಿದ: "ಅವ್ನು ಸಿಕ್ಕುದ್ರೆ ಒಂದೇ ಒಂದು ಮಾತು ಕೇಳ್ಬೇಕು ಮೇಡಂ. ಯಾಕ್ಲಾ ಬುಟ್ಟೋದೆ ಅಂತ."

ಭಾರತೀಯ ನ್ಯಾಯ ಸಂಹಿತೆ ಕಲಂ 281, 106(1), ಮೋಟಾರು ವಾಹನ ಕಾಯ್ದೆ ಕಲಂ 134, 187. ಎಫ್‌ಐಆರ್ ದಾಖಲಾಗುವಾಗ ಗಂಟೆ ಏಳೂ ಇಪ್ಪತ್ತು. ಆರೋಪಿ ಎಂಬ ಕಡೆ 'ಅಪರಿಚಿತ ವಾಹನ ಚಾಲಕ' ಎಂದು ಬರೆದರು. ಈ ಸೀಮೆಯಲ್ಲಿ ಅತಿ ಹೆಚ್ಚು ಅಪರಾಧ ಮಾಡುವ ಮನುಷ್ಯ ಅವನೇ.

ಸ್ಥಳದಲ್ಲಿ ಪಂಚನಾಮೆ ಶುರುವಾಯಿತು. ರಸ್ತೆಗೆ ಹೊಸ ಟಾರು ಹಾಕಿ ತಿಂಗಳಾಗಿತ್ತು. ಕನ್ನಡಿಯ ಹಾಗೆ ನುಣ್ಣಗಿದ್ದ ರಸ್ತೆಗೆ ಅಂಚಿನ ಬಿಳಿ ಗೆರೆ ಎಳೆಯುವುದನ್ನು ಮಾತ್ರ ಮರೆತಿದ್ದರು. ಎಡ ಅಂಚಿನಲ್ಲಿ ರಕ್ತದ ಕಲೆ, ಹೆಡ್‌ಲೈಟಿನ ಗಾಜಿನ ಚೂರು, ಜೊತೆಗೆ ಸಗಣಿ ಬಳಿದ ಬಿದಿರಿನ ಒಂದು ಸೀಳು. ಕೆಂಪಯ್ಯ ಅದನ್ನು ಮೂಸಿ ನೋಡಿ, "ಚಂದ್ರಿಕೆದು ಮೇಡಂ" ಎಂದ. ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಅಗಲವಾದ ಬಿದಿರು ತಟ್ಟೆ. ಈ ನಾಲ್ಕು ತಾಲ್ಲೂಕಿನಲ್ಲಿ ಅದನ್ನು ಗುರುತಿಸದವರು ಕಡಿಮೆ.

ಆದರೆ ಸುಚಿತ್ರಾ ನೋಡುತ್ತ ನಿಂತದ್ದು ಹೆಣವನ್ನು. ರಕ್ತ ಇದ್ದ ಜಾಗಕ್ಕೂ ಹೆಣಕ್ಕೂ ಹತ್ತು ಹೆಜ್ಜೆ ದೂರ. ಎಳೆದ ಗುರುತಿಲ್ಲ. ಹೊಂಗೆ ಮರದ ಆಚೆ, ಬೇಲಿಯ ಮರೆಯಲ್ಲಿ ಚನ್ನಯ್ಯನನ್ನು ಅಂಗಾತ ಮಲಗಿಸಿ, ಕರಿ ಕಂಬಳಿಯನ್ನು ತಲೆಗೆ ಮುಸುಕಿನಂತೆ ಕೊಪ್ಪೆ ಮಾಡಿ, ಅಂಚನ್ನು ಎರಡೂ ಮಗ್ಗುಲ ಕೆಳಗೆ ಸೇರಿಸಿದ್ದರು. ಸೊಂಟ, ಎಡಗಾಲು ಮುರಿದ ಮನುಷ್ಯ ತಾನಾಗಿ ಅಷ್ಟು ಅಚ್ಚುಕಟ್ಟಾಗಿ ಹೊದ್ದುಕೊಳ್ಳಲಾರ.

ಶವಾಗಾರದ ಜಗಲಿಯಲ್ಲಿ ಕೂತಿದ್ದ ಹೆಂಡತಿ ಮುನಿತಾಯಮ್ಮನಿಗೆ ಸುಚಿತ್ರಾ ಆ ಫೋಟೋ ತೋರಿಸಿದಳು. ತೋರಿಸಬಾರದಿತ್ತೇನೋ. ಆದರೆ ಕೇಳದೆ ವಿಧಿಯಿರಲಿಲ್ಲ.

"ಅಮ್ಮ, ಕಂಬಳಿ ಹೀಗೆ ಯಾರು ಹೊದೀತಾರೆ?"

ಮುನಿತಾಯಮ್ಮ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದಳು. "ಗಾಳಿ ಒಳೀಕೆ ಹೋಗ್ಬಾರ್ದು ಅಂತ ಇಂಗೆ ಮಡಚ್ತಾರೆ ಕಣವ್ವ. ಮಂದೇಲಿ ಮಲಗೋರಿಗೆ ಬುಟ್ರೆ ಬ್ಯಾರೇರಿಗೆ ಬರಾಕಿಲ್ಲ. ಇದು ಯಾರೋ ನಮ್ಮಂಗೆ ಕುರಿ ಮಡಗಿರೋ ಮನೆಯೋರೇ ಹೊದ್ಸವ್ರೆ." ಆಮೇಲೆ ಅವಳಿಗೆ ಅದರ ಅರ್ಥ ಹೊಳೆಯಿತು. "ಅಂದ್ರೆ ಆಗ ಉಸ್ರಿತ್ತಾ?"

ಸುಚಿತ್ರಾ ಫೋಟೋ ಇಸಿದುಕೊಂಡು ಒಳಗೆ ಹೋದಳು. ಮರಣೋತ್ತರ ಪರೀಕ್ಷೆ ಮಾಡಿದ ಡಾಕ್ಟರು ಅಲ್ಲಿ ಉತ್ತರ ಕೊಟ್ಟರು. ಒಳಗೇ ರಕ್ತ ಸೋರಿ ಸತ್ತಿದ್ದಾನೆ, ತಲೆಗೆ ಪೆಟ್ಟಿಲ್ಲ, ಕಡಿಮೆಯೆಂದರೆ ಮೂರು ಗಂಟೆ ಬದುಕಿದ್ದ, ಬೇಗ ಆಸ್ಪತ್ರೆಗೆ ತಂದಿದ್ದರೆ ಉಳಿಯುತ್ತಿದ್ದ.

ಅಂದು ಸಂಜೆ ಏಳಕ್ಕೆ, ಎದುರು ಬೆಳಕಿನಲ್ಲಿ ಅಂಚಿನ ಮನುಷ್ಯ ಕಾಣುತ್ತಾನೋ ಇಲ್ಲವೋ ನೋಡಲು ಸುಚಿತ್ರಾ ಅದೇ ಜಾಗಕ್ಕೆ ಜೀಪು ಹೊರಡಿಸಿದಳು. ಕಾನ್‌ಸ್ಟೆಬಲ್ ಹಿನಾ ಕರಿ ಕಂಬಳಿ ಹೊದ್ದು ರಸ್ತೆಯ ಎಡ ಅಂಚಿನಲ್ಲಿ ನಿಂತಳು. ಎದುರಿನಿಂದ ಬರಲು ಒಂದು ಕಾರಿಗೆ ಹೇಳಿದ್ದರು. ಈಗಿನ ಕಾರುಗಳಲ್ಲಿ ಮದುವೆ ಚಪ್ಪರಕ್ಕೆ ಸಾಲುವಷ್ಟು ದೀಪ. ಅದು ತಿರುವಿನಲ್ಲಿ ಕಂಡದ್ದೇ ತಡ, ಸುಚಿತ್ರಾಳ ಕಣ್ಣಿಗೆ ಬೆಳ್ಳಗೆ ಅಡರಿಕೊಂಡಿತು.

"ಬೆಳಕನ್ನ ನೋಡ್ಬೇಡಿ ಮೇಡಂ" ಎಂದ ಕೆಂಪಯ್ಯ, ವೇಗ ತಗ್ಗಿಸುತ್ತ. "ಎಡಗಡೆ ಬಿಳಿ ಗೆರೆ ನೋಡ್ಕಂಡು ಒಸಿ ನಿಧಾನಕ್ಕೆ ಹೋಗ್ಬೇಕು. ನಾವು ಕಲ್ತಿರೋದು ಇಷ್ಟೇ."

"ಇಲ್ಲಿ ಗೆರೆ ಎಲ್ಲಿದೆ?"

"ಅದೇ ಮತ್ತೆ."

ಹಿನಾ ಕಂಡದ್ದು ಬಾನೆಟ್ಟಿನಿಂದ ಮೂರು ಮಾರು ದೂರದಲ್ಲಿ. ಕಂಬಳಿ ಬೆಳಕನ್ನೆಲ್ಲ ನುಂಗಿಬಿಟ್ಟಿತ್ತು. ಕೆಂಪಯ್ಯ ಆಮೆಯ ಹಾಗೆ ಓಡಿಸುತ್ತಿದ್ದರಿಂದ ಬ್ರೇಕು ಹತ್ತಿತು. ಹಿನಾ ಪಕ್ಕಕ್ಕೆ ನೆಗೆದು, "ಸಾಕು ಮೇಡಂ, ನನಗೂ ಮಕ್ಕಳಿದ್ದಾರೆ" ಎಂದು ನಗಲು ನೋಡಿದಳು. ಗುದ್ದಿದವನಿಗೆ ಕಾಣದಿದ್ದದ್ದು ನಿಜವೇ ಇರಬಹುದು ಎಂದು ಸುಚಿತ್ರಾಳಿಗೆ ಅನ್ನಿಸಿತು. ಆದರೆ ಇಳಿದು, ಎತ್ತಿ, ಹೊದಿಸಿದ್ದಾನಲ್ಲ, ಆಗ ಕಂಡಿತ್ತಲ್ಲ.

ಮಂಗಳವಾರ ಚಂದ್ರಿಕೆಯ ಜಾಡು ಹಿಡಿದರು. ರಾಮನಗರದ ಹತ್ತಿರ ಚಂದ್ರಿಕೆ ಬಾಡಿಗೆಗೆ ಕೊಡುವ ಹುಚ್ಚಯ್ಯ ಎಂಬ ಮುದುಕ ಸಿಕ್ಕಿದ. ಭಾನುವಾರ ಸಂಜೆ ಬೈರಾಪಟ್ಟಣದ ಕಡೆಗೆ ಚಂದ್ರಿಕೆ ಕಳಿಸಿದ್ದ.

"ಯಾರ ಗಾಡಿ?"

"ಬೈರೇಶಂದು. ತಿಪ್ಪಸಂದ್ರದೋನು. ಒಳ್ಳೆ ಹುಡ್ಗ ಕಣವ್ವ, ಬೀಡಿ ಕೂಡ ಸೇದಾಕಿಲ್ಲ."

"ಅವರ ಮನೇಲಿ ಏನು ಕೆಲಸ?"

"ಅವ್ರಪ್ಪಂದು ಕುರಿ. ಇವ್ನು ಟೆಂಪೊ ಮಾಡ್ಕಂಡ. ಯಾಕವ್ವ?"

ಟೆಂಪೊ ರಾಮನಗರದ ಒಂದು ಶೆಡ್ಡಿನಲ್ಲಿತ್ತು. ಎಡಗಡೆಯ ಹೆಡ್‌ಲೈಟು ಹೊಸದು, ಬಂಪರಿನ ತಗ್ಗು ಮಾತ್ರ ಹಾಗೇ ಇತ್ತು. ಸುಚಿತ್ರಾ ಇಳಿದು ಇನ್ನೂ ಹೆಸರು ಕೇಳಿರಲಿಲ್ಲ, ಮೂವತ್ತರ ಒಬ್ಬ ಸಣಕಲು ಮನುಷ್ಯ ಗಾಡಿಯ ಹಿಂದಿನಿಂದ ಬಂದು, "ಕುರಿ ಅಡ್ಡ ಬಂತು ಮೇಡಂ" ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಕೆಂಪಯ್ಯ ಅವನ ಭುಜದ ಮೇಲೆ ಕೈ ಹಾಕಿ ಜೀಪಿನ ಕಡೆ ನಡೆಸಿದ. ಟೆಂಪೊವನ್ನೂ ಒಡೆದ ಹಳೆಯ ದೀಪವನ್ನೂ ಪಂಚರ ಮುಂದೆ ಜಪ್ತಿ ಮಾಡಿದರು. ದಸ್ತಗಿರಿ ಆದದ್ದು ಮಧ್ಯಾಹ್ನ ಒಂದೂ ಕಾಲಿಗೆ.

ಠಾಣೆಗೆ ಬರುವಷ್ಟರಲ್ಲಿ ಹಿನಾ ಮುನೇಶನ ಊರ ಹಾಲಿನ ಡೇರಿಯ ಸಿಸಿಟಿವಿ ದೃಶ್ಯ ತಂದು ಕಂಪ್ಯೂಟರಿಗೆ ಹಾಕಿದ್ದಳು. ಮುಖ ಮಾತ್ರ ಯಾಕೋ ಸಪ್ಪಗಿತ್ತು.

"ಟೆಂಪೊ ಏಳೂವರೆಗೆ ಊರೊಳಗೆ ಬರುತ್ತೆ ಮೇಡಂ. ಬಲಗಡೆ ಒಂದೇ ದೀಪ. ಅದಕ್ಕೂ ಮೊದಲು ಊರಿಂದ ಆ ಕಡೆ ಹೋದ ಗಾಡಿ ಒಂದೇ. ಏಳೂ ಕಾಲಿಗೆ. ಇದನ್ನ ನೋಡಿ."

ಪರದೆಯ ಮೇಲೆ ರಸ್ತೆ, ಬೇಲಿ, ಒಂದು ನಾಯಿ ಕಾಣುತ್ತಿದ್ದವು. ಇದ್ದಕ್ಕಿದ್ದಂತೆ ಎಲ್ಲ ಬಿಳಿಯಾಯಿತು. ಕ್ಯಾಮೆರಾದ ಕಣ್ಣೂ ಕುಕ್ಕಿತ್ತು. ಬಿಳುಪು ಸರಿದಾಗ ಒಂದು ಬೈಕು ದಾಟಿ ಹೋಗುತ್ತಿತ್ತು. ಹ್ಯಾಂಡಲ್ಲಿಗೆ ನೇತುಹಾಕಿದ ಊಟದ ಕ್ಯಾರಿಯರ್ ತೂಗಾಡುತ್ತಿತ್ತು.

ಸುಚಿತ್ರಾ ಇನ್ನೊಮ್ಮೆ ಹಾಕಲು ಹೇಳಿದಳು. ಮತ್ತೊಮ್ಮೆ ನೋಡಿದಳು. ಎಷ್ಟು ಸಲ ನೋಡಿದರೂ ಆ ಬೈಕು ಮುನೇಶನದೇ.

ವಿಚಾರಣೆ ಶುರುವಾದದ್ದು ಮೂರಕ್ಕೆ. ಬೈರೇಶ್ ಹೆಚ್ಚು ಸತಾಯಿಸಲಿಲ್ಲ.

"ಎಷ್ಟು ಸ್ಪೀಡಲ್ಲಿದ್ದೆ?"

"ಐವತ್ತು ಮೇಡಂ."

"ಎದುರಿಗೆ?"

"ಒಂದು ಬೈಕು. ಎರಡು ಬಿಳಿ ಲೈಟು, ಹಗಲಾದಂಗೆ. ನಾನು ಡಿಪ್ ಕೊಟ್ಟೆ, ಅವ್ನು ಇಳಿಸ್ಲಿಲ್ಲ. ನಂಗೂ ರೇಗೋಯ್ತು, ನಾನೂ ಫುಲ್ ಹಾಕ್ಬುಟ್ಟೆ."

"ನಿಲ್ಲಿಸಲಿಲ್ಲ?"

"ಇಲ್ಲ ಮೇಡಂ. ಕಣ್ಗೆ ಏನೂ ಕಾಣ್ತಿರ್ಲಿಲ್ಲ, ಅಂದಾಜಲ್ಲೇ ಬುಟ್ಟೆ. ಎಡಕ್ಕೆ ಎಳ್ಕಂಡೆ. ದಪ್ ಅಂತು. ಬೈಕು ಆಗ್ಲೇ ದಾಟೋಗಿತ್ತು."

"ಇಳಿದೆ."

"ಇಳಿದೆ. ಕಣ್ಣು ಇನ್ನೂ ಕತ್ಲೆ ಕತ್ಲೆ. ಕೈಲಿ ತಡವುದ್ರೆ ಉಣ್ಣೆ ಸಿಕ್ತು. ಕುರಿ ಅಂದ್ಕಂಡೆ. ದೇವ್ರಾಣೆ, ಬದುಕ್ದೆ ಅಂದ್ಕಂಡೆ. ಆಮೇಲೆ ಅದು ಮಾತಾಡ್ತು."

ಬರೆದುಕೊಳ್ಳುತ್ತಿದ್ದ ಹಿನಾಳ ಕೈ ನಿಂತಿತು.

"ಏನಂತು?"

"'ಯಾರಪ್ಪ ನೀನು' ಅಂತು. ನಾನು ಅಳಕ್ಕೆ ಸುರು ಮಾಡ್ದೆ. ಗಾಡೀಲಿ ಚಂದ್ರಿಕೆ ತುಂಬೈತೆ, ಇಳಿಸಿ ಜಾಗ ಮಾಡ್ತೀನಿ ಕಣಜ್ಜ, ಆಸ್ಪತ್ರೆಗೆ ಹೋಗವ ಅಂದೆ. ಅದುಕ್ಕೆ ಅಜ್ಜ..." ಬೈರೇಶ್ ಗೋಡೆ ನೋಡಿದ. "'ಈಗ ಹೋಯ್ತಲ್ಲ ಲೈಟು, ಅದು ನನ್ಮಗಂದೇ ಕಣಪ್ಪ. ಮಂದೆತಾವ ನಾನಿಲ್ದೇ ಇದ್ರೆ ತಿರಿಕ್ಕಂಡು ಬತ್ತಾನೆ, ಈಗ ಬತ್ತಾನೆ' ಅಂತು. ಮತ್ತೆ 'ಚಳಿ ಕಣ್ಲಾ' ಅಂತು. ಎತ್ತಿ ರೋಡಿಂದ ಆಚೆ ಮಲಗ್ಸಿ ಕಂಬಳಿ ಹೊದ್ಸಿದೆ."

"ಆಮೇಲೆ?"

"ಮಗ ಬಂದ್ರೆ ನನ್ನ ಉಳಿಸ್ತಾನಾ ಮೇಡಂ? ನಮ್ಮೂರಲ್ಲೇ ಕುರಿ ಮ್ಯಾಲೆ ಗಾಡಿ ಹತ್ಸಿದೋನ್ನ ಕಂಬಕ್ಕೆ ಕಟ್ಟಿ ಹೊಡೆದಿದ್ದು ನೋಡಿವ್ನಿ. ನಾನೂ ಹೊಡ್ದಿವ್ನಿ. ಅವ್ನು ಬರೋದ್ರೊಳಗೆ ಹೋಗ್ಬೇಕು ಅಂತ ಹೊಂಟೆ."

"ಬರದಿದ್ದರೆ ಅಂತ ಯೋಚನೆ ಬರಲಿಲ್ವಾ?"

"ರಾತ್ರಿಯೆಲ್ಲ ಬಂತು. ನಂಗೆ ಓಡೋಗಕ್ಕೆ ಒಂದು ನೆಪ ಬೇಕಿತ್ತು ಮೇಡಂ. ಆವಯ್ಯ ಕೊಡ್ತು, ನಾನು ಇಸ್ಕಂಡೆ."

ಅವನನ್ನು ಒಳಗೆ ಕಳಿಸಿದ ಮೇಲೆ ಕೆಂಪಯ್ಯ ಬಾಗಿಲು ಮುಂದೆ ಮಾಡಿದ. ಮೂವತ್ತು ವರ್ಷದ ಸರ್ವಿಸ್ಸಿನ ಮನುಷ್ಯ, ಸುಚಿತ್ರಾಳಿಗೆ ಎದುರಾಡಿದವನಲ್ಲ.

"ಮೇಡಂ, ನನ್ಮಗನ ಲೈಟು ಅಂದ ಆ ಮಾತೊಂದು ಬರೀಲೇಬೇಕಾ? ಆ ಮುನೇಶ ಹೆಂಗೆ ಬದುಕ್ತಾನೆ?"

"ಅದನ್ನ ಬಿಟ್ಟರೆ ಉಳಿಯೋದೇನು ಕೆಂಪಯ್ಯನೋರೇ? ಕತ್ತಲಲ್ಲಿ ಆದ ಅಪಘಾತ. ಸಂಜೆಯೊಳಗೆ ಜಾಮೀನು. ಮನುಷ್ಯ ಮಾತಾಡ್ತಿದ್ದ, ಇವನಿಗೆ ಗೊತ್ತಿತ್ತು, ಗೊತ್ತಿದ್ದೂ ಬಿಟ್ಟು ಹೋದ ಅನ್ನೋಕೆ ಇರೋದು ಆ ಮಾತೊಂದೇ."

"ಸತ್ತೋನಂತೂ ಸತ್ತ."

"ಆ ಹೆಂಗಸು ಉಸಿರಿತ್ತಾ ಅಂತ ನನ್ನ ಕೇಳಿದಳು" ಎಂದಳು ಸುಚಿತ್ರಾ. "ನಾನು ಹೇಳಲಿಲ್ಲ. ಎಲ್ಲರೂ ಹೀಗೇ ಮಾತು ನುಂಗಿಕೊಂಡರೆ ಸ್ಟೇಷನ್ ಯಾಕೆ ಬೇಕು?"

ಕಲಂ 105, ಅಂದರೆ ಕೊಲೆಯಲ್ಲದ ಮಾನವ ಹತ್ಯೆ, ಸೇರಿಸಲು ನ್ಯಾಯಾಲಯಕ್ಕೆ ಮನವಿ ಸಿದ್ಧವಾಯಿತು. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲದು. ಮ್ಯಾಜಿಸ್ಟ್ರೇಟರ ಮುಂದೆ ಹೇಳುತ್ತೀಯಾ ಎಂದು ಕೇಳಿದಾಗ ಬೈರೇಶ್ ಒಪ್ಪಿದ. ಹೇಳದಿದ್ದರೆ ನಿದ್ದೆ ಬರುವುದಿಲ್ಲ ಎಂದ. ಅವನದು ದುಷ್ಟತನವಲ್ಲ, ಹೆದರಿಕೆ. ತಾನೇ ಹೊಡೆದಿದ್ದ ಏಟು ತನಗೇ ತಿರುಗಿ ಬೀಳುತ್ತದೆಂಬ ಹೆದರಿಕೆ. ಅದಕ್ಕೆ ಒಂದು ಜೀವ ಹೋಯಿತು.

ಬುಧವಾರ ಹನ್ನೊಂದಕ್ಕೆ ಮುನೇಶ ಬಂದ. ತಲೆ ಬೋಳಿಸಿದ್ದ. ಅಪ್ಪನ ಹಾಲುತುಪ್ಪದ ದಿನ ಅಂದು. "ಸಿಕ್ಕುದ್ನಂತೆ ಅಂದ್ರು ಮೇಡಂ. ಮುಖ ತೋರ್ಸಿ."

ಸುಚಿತ್ರಾ ಅವನನ್ನು ಕೂರಿಸಿದಳು. ಹೊರಗೆ ಅವನ ಬೈಕು ನಿಂತಿತ್ತು. ಹ್ಯಾಂಡಲ್ಲಿನ ಎರಡೂ ಕಡೆ ಮುಷ್ಟಿ ಗಾತ್ರದ ದೀಪ.

"ಆ ಲೈಟು ಯಾಕೆ ಹಾಕಿಸಿದೆ?"

"ಎಲ್ರೂ ಹಾಕವ್ರಲ್ಲ ಮೇಡಂ. ಎದುರ್ಗಡೆಯೋನ ಬೆಳಕಲ್ಲಿ ನಮ್ದು ಕಾಣದೇ ಇಲ್ಲ."

"ಭಾನುವಾರ ಎದುರಿಗೆ ಯಾರು ಸಿಕ್ಕಿದ್ರು?"

"ಒಂದು ಟೆಂಪೊ. ಫುಲ್ ಲೈಟು ಹಾಕ್ಕಂಡು ಬಂದ ನನ್ಮಗ. ಬೈದ್ಕಂಡು, ತಲೆ ತಗ್ಸಿ..." ಅಲ್ಲಿಗೆ ಅವನ ಮಾತು ನಿಂತಿತು. ಸುಚಿತ್ರಾಳ ಮುಖ ನೋಡಿದ. ಬಾಗಿಲಲ್ಲಿ ನಿಂತಿದ್ದ ಕೆಂಪಯ್ಯನ ಮುಖ ನೋಡಿದ. ಕೆಂಪಯ್ಯ ಹೊರಗೆ ಹೋದ.

ಸುಚಿತ್ರಾ ಎಲ್ಲ ಹೇಳಿದಳು. ಕೋರ್ಟಿನಲ್ಲಿ ಹತ್ತು ಜನರ ನಡುವೆ ಕೇಳುವುದಕ್ಕಿಂತ ಇಲ್ಲಿ ಕೇಳಲಿ ಎಂದು ಒಂದು ಮಾತನ್ನೂ ಬಿಡದೆ ಹೇಳಿದಳು. ಬೆಳಕು ಗುರುತು ಹಿಡಿದದ್ದು, ಮಗ ತಿರುಗಿ ಬರುತ್ತಾನೆ ಎಂದದ್ದು, ಚಳಿ ಎಂದದ್ದು. ಮುನೇಶ ಅಳಲಿಲ್ಲ. ಮುಖ ತೋರಿಸಿ ಎಂದು ಮತ್ತೆ ಕೇಳಲೂ ಇಲ್ಲ.

ಅವನು ಕೇಳಿದ್ದು ಒಂದೇ ಪ್ರಶ್ನೆ.

"ನಮ್ಮಪ್ಪ ಎಷ್ಟೊತ್ತು ಕಾದ ಮೇಡಂ?"

ಡಾಕ್ಟರ ವರದಿ ಮೇಜಿನ ಮೇಲೇ ಇತ್ತು. ಸುಚಿತ್ರಾ ಅದನ್ನು ನೋಡದೆ, ಮೂರು ಗಂಟೆ ಎಂದಳು.