ಗಡಿಕಲ್ಲಿನ ನೀರು

ಹಸಿ ಸುಣ್ಣದ ವಾಸನೆ ಬಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಪುಣೆಯಲ್ಲಿ ನಾವಿದ್ದ ಪೇಟೆಗೆ ಒಂದು ಗಡಿಕಲ್ಲಿತ್ತು. ಪೇಶ್ವೆಯವರ ಕೊತ್ವಾಲ ಹೋಗಿ ಕಂಪನಿಯ ಕಲೆಕ್ಟರ್ ಬಂದಾಗ, ಆಮೇಲೆ ದಂಡಿನ, ಅಂದರೆ ಕಂಟೋನ್ಮೆಂಟಿನ, ಸಾಹೇಬರು ಬಂದಾಗ, ಪ್ರತಿಸಲವೂ ಅದನ್ನು ಕಿತ್ತು ಬೇರೆ ಕಡೆ ನೆಟ್ಟು ಸುಣ್ಣ ಬಳಿದಿದ್ದರಂತೆ. ನಾನು ಚಿಕ್ಕವಳಿದ್ದಾಗ, ಸಾವಿರದ ಒಂಬೈನೂರ ಮೂವತ್ತಾರರ ಬೇಸಿಗೆಯಲ್ಲಿ, ಅದನ್ನು ನಮ್ಮ ಮನೆಗೂ ಪಕ್ಕದ ಭಾಮಾಬಾಯಿಯ ಮನೆಗೂ ನಡುವೆ ತಂದು ನೆಟ್ಟರು. ನಾವು ದಂಡಿನಲ್ಲೇ ಉಳಿದೆವು, ಅವಳ ಮನೆ ಪುರಸಭೆಯ ಪಾಲಾಯಿತು. ದಂಡಿನ ನಳದ ನೀರು ಅವಳಿಗೆ ನಿಂತಿತು, ಪುರಸಭೆಯ ನಳ ಇನ್ನೂ ಬಂದಿರಲಿಲ್ಲ.

ಒಬ್ಬಳೇ ಇದ್ದ ಭಾಮಾಬಾಯಿಗೆ ವಾಂತಿಭೇದಿ ಹತ್ತಿತು. ನಮ್ಮವ್ವ ನೀರು ಒಯ್ದರೆ ಕಲ್ಲಿನ ಹತ್ತಿರ ಕಾವಲಿದ್ದ ಜವಾನ ಕೊಡ ಚೆಲ್ಲಿಸಿದ.

"ದಂಡಿನ ನೀರು ಆ ಕಡೆ ಹೋಗಂಗಿಲ್ರಿ ಬಾಯಿ."

"ಬಾಯಾರಿಕಿಗೂ ಗಡಿ ಅದ ಏನೋ, ಮೂಳಾ?"

ಸಂಜೆಗೆ ಭಾಮಾಬಾಯಿ ಸತ್ತಳು. ಪುರಸಭೆಯವರು ಮನೆಗೆ ಬೀಗ ಹಾಕಿದರು.

ಮರುದಿನದಿಂದ ಆ ಕಲ್ಲು ಬೆವರತೊಡಗಿತು. ಸುಡುಬಿಸಿಲಲ್ಲೂ ಮುಟ್ಟಿದರೆ ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಜವಾನ ಬಳಿದ ಸುಣ್ಣ ಒಣಗಲೇ ಇಲ್ಲ.

ಬಾಯಾರಿ ಸತ್ತವರಿಗೆ ಊರ ಗಡಿಯಲ್ಲಿ ಮೊಸರನ್ನ ಇಡುವುದು ನಮ್ಮ ಧಾರವಾಡದ ಕಡೆಯ ಪದ್ಧತಿ. ಅವ್ವ ಎಲೆಯಲ್ಲಿ ಮೊಸರನ್ನ ಹಿಡಿದು ಬಂದಳು. ಕಲ್ಲನ್ನು ನೋಡಿ, "ಇವರು ನೆಟ್ಟ ಗಡಿಗೆ ನಾ ಯಾಕ ಇಡಬೇಕು?" ಎಂದು ಅದನ್ನು ದಾಟಿಯೇ ಹೋದಳು. ಜವಾನ ತಡೆಯಲಿಲ್ಲ, ತಲೆ ತಗ್ಗಿಸಿದ.

ಭಾಮಾಬಾಯಿಯ ಬಾಗಿಲಿಗೆ ಬೀಗ ಹಾಗೆಯೇ ಇತ್ತು. ಅವ್ವ ಕಿಟಕಿಯ ಸರಳುಗಳ ನಡುವೆ ಎಲೆಯನ್ನು ಚಾಚಿ, "ತಗೋವಾ" ಎಂದಳು. ಒಳಗಿನಿಂದ ಯಾರೋ ಅದನ್ನು ಸದ್ದಿಲ್ಲದೆ ತೆಗೆದುಕೊಂಡರು.