ಬಿದಿರಿನ ಪಿಟೀಲಿನ ಬೆಂಚು

“ಈ ಬೆಂಚು ಇಲ್ಲಿಂದ ಹೋಗ್ಬೇಕು. ಇವತ್ತೇ!”

ಯಾಛಿ ತಿರುಗಿದಳು. ಎದುರಿಗೆ ಎತ್ತರದ ಯುವಕ, ಕೈಯಲ್ಲಿ ತೆಂಗಿನ ಚಿಪ್ಪಿನ ಪಿಟೀಲು, ಕಣ್ಣಲ್ಲಿ ಕೆಂಡ. ಗಲ್ಲಿಯ ವಾದ್ಯ ಕೂಟದ ಪೋಶುನ್.

ಯೀಲಾನ್ ಪಟ್ಟಣದ ಈ ಹಳೇ ಗಲ್ಲಿಯನ್ನು ಮಕ್ಕಳು ಆಡುವ ಸಂಗೀತದ ಬೀದಿಯಾಗಿಸಲು ಪುರಸಭೆ ವಿನ್ಯಾಸಕಿಯಾದ ಅವಳನ್ನು ಕರೆಸಿತ್ತು. ಕಾಲಿಟ್ಟರೆ ಜಾಗಟೆಯಂತೆ ನುಡಿಯುವ ಕಲ್ಲುಗಳು... ಬೆರಳು ತಾಗಿದರೆ ಮಿಡಿಯುವ ಪಿಟೀಲಿನ ಆಕಾರದ ಬೆಂಚು. ಶನಿವಾರವೇ ಉದ್ಘಾಟನೆ.

“ಏನಾಗಿದೆ ಇದಕ್ಕೆ?”

“ಇದು ಬಿದಿರಿನ ಪಿಟೀಲು. ಹೊಳೆಯಾಚೆ ಬಣದ್ದು! ನಮ್ಮದು ಚಿಪ್ಪಿನದ್ದು. ಇದಕ್ಕೇ ನಮ್ಮ ಮುತ್ತಜ್ಜಂದಿರು ದೊಣ್ಣೆ ಹಿಡ್ಕೊಂಡು ಬಡಿದಾಡಿದ್ರು. ಅಣಕಿಸೋಕೆ ಮಾಡಿದ್ರಾ?”

“ಅಣಕ? ಅಯ್ಯೋ, ಇದು ನಮ್ಮ ತಾತನ ಪಿಟೀಲಿನ ಅಳತೆ ಕಣ್ರೀ! ನಾನು ಕಂಡಿದ್ದು ಅದೊಂದೇ. ಎಲ್ರದ್ದೂ ಹಾಗೇ ಇರುತ್ತೆ ಅಂದ್ಕೊಂಡೆ.”

“ಓ... ನೀವು ಅವರ ಕಡೆಯವ್ರು!”

ಅವನು ಹೊರಟೇಹೋದ.

ಯಾಛಿಯ ತಾತ ತೀರಿಕೊಂಡು ಮೂರು ವರ್ಷ. ಹೊಳೆಯಾಚೆಯ ಅವರ ಕೂಟ ಅದಕ್ಕೂ ಮೊದಲೇ ಮುಚ್ಚಿತ್ತು. ಅವರ ಗುರುತೆಂದು ಎಲ್ಲಾದರೂ ಒಂದು ಉಳಿಯಲಿ ಎಂದುಕೊಂಡಿದ್ದಳಲ್ಲ... ಇದೂ ಹೋಗಬೇಕೇ?

ಮರುದಿನ ಬೆಳಿಗ್ಗೆ ತಾನೇ ಸ್ಪ್ಯಾನರ್ ಹಿಡಿದು ಬಂದಳು. ಬೆಂಚಿನ ಮೇಲೆ ಪೋಶುನ್‌ನ ತಾತ ಕುಳಿತಿದ್ದರು. ಗಲ್ಲಿಯ ಕೂಟದ ಹಿರಿಯ ಡೋಲುಗಾರ.

“ಏಳಿ ತಾತ, ಬಿಚ್ಚಬೇಕು.”

“ಯಾರಮ್ಮ ಹೇಳಿದ್ದು?”

“ನಿಮ್ಮ ಮೊಮ್ಮಗ.”

“ಆ ಪೆದ್ದನಿಗೇನು ಗೊತ್ತು! ರಾತ್ರಿಯೇ ಬೈದಿದ್ದೀನಿ ಅವನಿಗೆ. ಎರಡೂ ಕೂಟ ಎದುರುಬದುರು ನಿಂತು ಪೈಪೋಟಿ ಮೇಲೆ ಬಾರಿಸ್ತಿದ್ವಿ. ಅವರದ್ದು ಮುಚ್ಚಿದ ದಿನ ಗೆದ್ವಿ ಅಂತ ಪಟಾಕಿ ಹೊಡೆದ್ವಿ. ಆಮೇಲೆ ನಮ್ಮ ಕೈಯ ಹುಮ್ಮಸ್ಸೂ ಬಿದ್ದುಹೋಯ್ತು. ಸೋಲಿಸೋಕೆ ಯಾರೂ ಇಲ್ದೆ ಏನು ಬಾರಿಸೋದು, ಹೇಳು?”

ಹಿಂದೆಯೇ ಪೋಶುನ್ ಬಂದ. ಕೈಯಲ್ಲಿ ಬಿಸಿ ಬಿಸಿ ಈರುಳ್ಳಿಸೊಪ್ಪಿನ ರೊಟ್ಟಿ, ತಲೆ ತಗ್ಗಿತ್ತು.

“ತಪ್ಪಾಯ್ತು. ತಾತ ಚೆನ್ನಾಗಿ ಉಗಿದ್ರು. ಇದನ್ನ ಬಿಚ್ಚಬೇಡಿ... ಎದುರಿಗೆ ಚಿಪ್ಪಿನದ್ದೂ ಒಂದು ಮಾಡಿ. ಅಳತೆಗೆ ನನ್ನ ಪಿಟೀಲು ತಗೊಳ್ಳಿ.”

“ಅಬ್ಬಾ! ಅದನ್ನ ನನಗೂ ಮುಟ್ಟೋಕೆ ಬಿಡ್ತಿರಲಿಲ್ಲ ಇವನು,” ತಾತ ಕಣ್ಣು ಮಿಟುಕಿಸಿದರು.

ಯಾಛಿಯ ಕೆನ್ನೆ ಯಾಕೋ ಬಿಸಿಯಾಯಿತು.

ಉದ್ಘಾಟನೆ ಮೂರು ವಾರ ಮುಂದೆ ಹೋಯಿತು. ಅಳತೆ, ಜಗಳ, ನಗು... ಆ ಮೂರು ವಾರ ಕಳೆದದ್ದೇ ತಿಳಿಯಲಿಲ್ಲ.

ಆ ಶನಿವಾರ ಎರಡೂ ಬೆಂಚುಗಳ ಮೇಲೆ ಮಕ್ಕಳು ಮುತ್ತಿಕೊಂಡಿದ್ದರು. ಒಬ್ಬರ ಸದ್ದನ್ನು ಇನ್ನೊಬ್ಬರು ಮೀರಿಸುವ ಆಟ. ಗಲ್ಲಿಗೆ ಗಲ್ಲಿಯೇ ಮೊಳಗುತ್ತಿತ್ತು.

“ಹಿಂದೆ ಈ ಎರಡು ಬಣದವರು ಹೆಣ್ಣು ಕೊಟ್ಟು ತರ್ತಿರಲಿಲ್ವಂತೆ,” ಪೋಶುನ್ ಅವಳ ಕಿವಿಯ ಬಳಿ ಬಾಗಿದ.

“ಹೂಂ, ಮೊನ್ನೆ ಅಮ್ಮ ಹೇಳಿದ್ರು.”

“ನಾನು ಬಂದು ಕೇಳಿದ್ರೆ...?”

ಯಾಛಿಯ ಎದೆ ಡವಡವ ಅಂದಿತು. ತುಟಿಯಲ್ಲಿ ಮಾತ್ರ ತುಂಟ ನಗು.

“ನನ್ನ ಜೊತೆ ತಾತನ ಪಿಟೀಲೂ ಬರುತ್ತೆ. ಆದ್ರೆ ನಂಗೆ ನುಡಿಸೋಕೆ ಬರಲ್ಲ.”

“ನಾನು ಕಲಿಸ್ತೀನಿ. ನನ್ನನ್ನ ಸೋಲಿಸೋವರೆಗೂ.”

“ಅದಕ್ಕೆ ತುಂಬಾ ವರ್ಷ ಬೇಕು...”

“ಅದಕ್ಕೇ ಕೇಳ್ತಿರೋದು ಯಾಛಿ!”